ಕೇರಾಫ್ ಇಲ್ಲದ ವಿಳಾಸ

ಈ ವೃದ್ಧಾಶ್ರಮದ ವಾರ್ಷಿಕೋತ್ಸವದ ಅಧ್ಯಕ್ಷರಾದ ಶಾಂತಲಿಂಗಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಮೂರನೆಯ ಸಾಲಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂತಿರುವ ನಮ್ಮಪ್ಪನೂ ಸೇರಿದಂತೆ ಎಲ್ಲ ಸಭಿಕರೇ,

ಒಂದು ಮಾತನ್ನು ಬರೆದು ಹೊಡೆದುಹಾಕಿದ್ದೆ. ಜೇವರ್ಗಿಯಿಂದ ಅಫಜಲಪುರಕ್ಕೆ ಬರುವ ಬಸ್ಸಿನಲ್ಲಿ ಮತ್ತೆ ಬರೆದುಕೊಂಡೆ. ನಮ್ಮಪ್ಪನನ್ನು ನಾನು ಇಲ್ಲಿಗೆ ಸುಳ್ಳು ಹೇಳಿ ಕರೆತಂದೆ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಹಿರಿಯರ ಮನವೊಲಿಸುವುದು ಹೇಗೆ’ ಎಂದಿದೆ. ಯಾರು ಯಾರ ಮನವೊಲಿಸಿದರು? ಕೇಳಿ, ನೀವೇ ಹೇಳಿ.

ಅಪ್ಪ ಮಲ್ಕಪ್ಪನವರು ಅತನೂರಿನ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೆಂಟು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವರು. ಆ ಸಂಬಳದಲ್ಲೇ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ನನ್ನ ಕನ್ನಡವನ್ನು ಇಂದಿಗೂ ಅವರೇ ತಿದ್ದುತ್ತಾರೆ. ಅವ್ವ ತೀರಿದ ಮೇಲೆ ಒಂಬತ್ತು ವರ್ಷ ಜೇವರ್ಗಿಯಲ್ಲಿ ನನ್ನ ಮನೆಯಲ್ಲಿದ್ದರು. ಹೋದ ವರ್ಷ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದರು. ಮೂರು ತಾಸು ಅಲ್ಲೇ ಬಿದ್ದಿದ್ದರು. ಎರಡನೆಯ ಸಲ ಬಿದ್ದ ಮೇಲೆ ನಾನು ಇಲ್ಲಿ ಜಾಗ ಕೇಳಿದೆ. ಅವರಿಗೆ ಹೇಳಲು ಬಾಯಿ ಬರಲಿಲ್ಲ. ‘ಬಚ್ಚಲ ರಿಪೇರಿ ಅದ ಅಪ್ಪಾ, ಹದಿನೈದು ದಿನ ಅಷ್ಟೇ’ ಎಂದೆ.

ಹದಿನಾರನೆಯ ದಿನ ಅಪ್ಪ ಕೇಳಿದರು: ‘ಯಾಕಬೇ ಮೈತ್ರಿ, ಬಚ್ಚಲಾ ಕಟ್ಟಸಾಕತ್ತೀಯೋ, ಗೋಳಗುಮ್ಮಟಾ ಕಟ್ಟಸಾಕತ್ತೀಯೋ?’

ನಾನು ಅವರ ಹೊದಿಕೆ ಮಡಚತೊಡಗಿದೆ.

‘ಮುಚ್ಚಿದ ಲಕೋಟಿ ಕೈಗಿಟ್ರ ಮಂದಿ ಮಾರಿ ಹ್ಯಾಂಗ ಆಗ್ತದಂತ ಭಾಳ ನೋಡೇನಿ. ನಿನ್ನ ಮಾರಿ ನಾ ಬಂದ ದಿನಾನೇ ಓದೇನಿ.’

‘ಮತ್ಯಾಕ ಬಂದಿ ಅಪ್ಪಾ?’

‘ನೀ ಕ್ಲಾಸಿನಾಗ ನಿಂತು ನಮ್ಮ ಬಚ್ಚಲದ ಚಿಂತಿ ಮಾಡಿದ್ರ ಆ ಹುಡುಗೂರು ಏನ್ ಕಲೀಬೇಕು?’

ಸಿಟ್ಟಿರಲಿಲ್ಲ ಎಂದು ಹೇಳಲಾರೆ. ರೊಟ್ಟಿಗೆಂದು ನಾನು ತಂದ ಶೇಂಗಾ ಹಿಂಡಿಯನ್ನು, ಆ ಚಟ್ನಿಪುಡಿಯನ್ನು, ಒಂದು ತಿಂಗಳು ಬಾಯಿಗಿಡದೆ ಪಕ್ಕದ ಮಂಚದ ಮುಜೀಬ ಸಾಹೇಬರಿಗೆ ಕೊಟ್ಟರು. ಅಪ್ಪನ ಸಿಟ್ಟಿನಿಂದ ಸುಖಪಟ್ಟವರು ಅವರೊಬ್ಬರೇ!

ಅಪ್ಪನ ಟಪಾಲು ಆಗಲೂ ನನ್ನ ಮನೆಗೇ ಬರುತ್ತಿತ್ತು. ಕರಜಗಿಯ ಗೆಳೆಯ ಗುರಣ್ಣ ಮಾಮ ಇನ್ನೂ ಕಾರ್ಡು ಬರೆಯುತ್ತಾರೆ. ಕಾರ್ಡು ಬಂದ ವಾರ ಹಿಡಿದುಕೊಂಡು ಬರುತ್ತಿದ್ದೆ. ಬರದ ವಾರ ಕೆಲಸವಿದೆ ಎನ್ನುತ್ತಿದ್ದೆ. ಕೆಲಸವಿತ್ತೇ?

ಅಕ್ಟೋಬರಿನಲ್ಲಿ ಅಪ್ಪ ಒಂದು ಕಾರ್ಡು ಬರೆದು ನನ್ನ ಕೈಗಿತ್ತರು. ಜೇವರ್ಗಿ ಅಂಚೆ ಕಚೇರಿಗೆ: ಇನ್ನು ಮುಂದೆ ನನ್ನ ಟಪಾಲನ್ನು ಈ ವಿಳಾಸಕ್ಕೆ ಕಳಿಸಬೇಕು. ಒಂಬತ್ತು ವರ್ಷ ಅವರ ವಿಳಾಸ ‘ಮಲ್ಕಪ್ಪ, ಕೇರಾಫ್ ಮೈತ್ರಿ’ ಎಂದಿತ್ತು. ಈ ಕಾರ್ಡಿನಲ್ಲಿ ಆಶ್ರಮದ ಹೆಸರಿನ ಮೇಲೆ ‘ಮಲ್ಕಪ್ಪ, ಕೋಣೆ ಆರು’ ಎಂದಷ್ಟೇ ಇತ್ತು. ನಾನಿರಲಿಲ್ಲ.

‘ನೀನೇ ಡಬ್ಬಿಗಿ ಹಾಕು,’ ಎಂದರು. ‘ಇನ್ನ ಟಪಾಲ ಕೊಡಾಕ ಬರಬ್ಯಾಡ. ಬರೋದಿದ್ರ ನನ್ನ ನೋಡಾಕ ಬಾ.’

ಮೂರು ತಿಂಗಳಾಯಿತು. ಆ ಕಾರ್ಡು ಈ ಚೀಲದಲ್ಲೇ ಇದೆ. ಅವರು ಕೇಳಿದಾಗಲೆಲ್ಲ ಮರೆತೆ ಎನ್ನುತ್ತೇನೆ. ಅದು ನನ್ನ ಎರಡನೆಯ ಸುಳ್ಳು. ಅಪ್ಪ ಇಲ್ಲಿ ನೆಲೆ ನಿಂತು ಎಷ್ಟೋ ದಿನವಾಯಿತು. ಅವರನ್ನು ಇಲ್ಲಿಗೆ ಕಳಿಸಿದ್ದೇನೆಂದು ಒಪ್ಪದವಳು ನಾನು.

ನನ್ನನ್ನು ಕರೆಸಿದ ಆಶ್ರಮಕ್ಕೆ, ದಿನವೂ ಅಪ್ಪನ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವ ಧರ್ಮಣ್ಣನಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.

ಅಪ್ಪಾ, ಕೇಳಸ್ತದೇನು? ಡಬ್ಬಿಗಿ ಹಾಕ್ತೇನಿ. ನಾಳಿಗಿ, ಸೋಮವಾರ, ಜನವರಿ ಹತ್ತೊಂಬತ್ತು.