ತಪ್ಪು ಸ್ಟಾಪಿನಲ್ಲಿ ಇಳಿದವರು

“ಇದು ಫಕೀರವ್ವಂದ ಕೆಲಸ. ಬೇಕಾದ್ರ ಬರದ ಕೊಡ್ತೀನಿ!”

ಹೀಗೆಂದವರು ನಿವೃತ್ತ ಬಸ್ ಕಂಡಕ್ಟರ್ ದ್ಯಾಮಣ್ಣನವರು. ಬರೆದೂ ಕೊಟ್ಟರು. ಎಲ್ಲಿ? ಬಡಾವಣೆಯ ಮೊಬೈಲ್ ಗುಂಪಿನಲ್ಲಿ, ಇನ್ನೂರ ಹನ್ನೆರಡು ಜನರಿಗೆ.

ಯಾವ ಫಕೀರವ್ವ, ಏನು ಕೆಲಸ? ಅವಸರ ಬೇಡಿ, ಹೇಳುತ್ತೇನೆ. ಕಥೆ ಎಂದಮೇಲೆ ಅದರಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲವೇ? ದ್ಯಾಮಣ್ಣನವರ ಊರಿನಲ್ಲೂ ಇದ್ದ. ಹಳೆಯ ಕಾಲದ ಶ್ರೀಮಂತನಾಗಿದ್ದರೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ. ಇವನು ಈ ಕಾಲದವನು. ಜೋಳದ ರೊಟ್ಟಿಯನ್ನು ತಾನೇ ಬಡಿದು, ತಾನೇ ಬೇಯಿಸುವ ಯಂತ್ರ ಮಾಡಿಸಲು ಕಂಪನಿ ತೆರೆದಿದ್ದ. ಯಂತ್ರಕ್ಕೆ ರೊಟ್ಟಿ ಬಡಿಯಲು ಯಾರು ಕಲಿಸಬೇಕು? ಅದಕ್ಕೇ ಫಕೀರವ್ವನನ್ನು ಕರೆಸಿದ. ಆಕೆ ದಿನಾ ಇನ್ನೂರು ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಹೆಂಗಸು. ಹತ್ತು ದಿನ ಕ್ಯಾಮೆರಾದ ಮುಂದೆ ಕುಳಿತು ಬಡಿದಳು. “ಇಲ್ಲಿ ಕಂಡದ್ದನ್ನ ಯಾರ ಮುಂದೂ ಹೇಳಬ್ಯಾಡವಾ” ಎಂದು ಕಂಪನಿಯವರು ಕರಾರುಪತ್ರ ಮುಂದಿಟ್ಟರು. ಸಹಿ ಹಾಕಿದಳು, ಮನೆಗೆ ಬಂದಳು, ಯಾರ ಮುಂದೂ ಬಾಯಿ ಬಿಡಲಿಲ್ಲ.

ಯಂತ್ರ ಇನ್ನೂ ಮಾದರಿಯ ಹಂತದಲ್ಲಿತ್ತು. ಬೆಳಕಿಗೆ ತರಲು ಆರು ತಿಂಗಳು ಬೇಕಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅದರ ವಿಡಿಯೊ ಊರ ತುಂಬ ಹರಿದಾಡಿತು! ಏನಿತ್ತು ಅದರಲ್ಲಿ? ಯಂತ್ರ ರೊಟ್ಟಿಯನ್ನು ಚಂದವಾಗಿ ಬಡಿಯಿತು, ಚಂದವಾಗಿ ಎತ್ತಿತು. ಹಂಚಿನ ಮೇಲೆ ಹಾಕುವ ಬದಲು ಎದುರಿಗೆ ನಿಂತ ಇಂಜಿನಿಯರನ ಮುಖಕ್ಕೆ ಹಾಕಿತು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಂಪನಿ ನಗಲಿಲ್ಲ. “ನಮ್ಮ ಗುಟ್ಟು ಕಳುವಾಗಿದೆ, ಹೊರಗಿನಿಂದ ಬಂದವರ ಮೇಲೆ ಸಂಶಯವಿದೆ, ಕೋರ್ಟಿಗೆ ಹೋಗುತ್ತೇವೆ” ಎಂದು ಪತ್ರಿಕೆಯಲ್ಲಿ ಹಾಕಿಸಿತು. ಹೊರಗಿನಿಂದ ಹೋದವರು ಊರಿಗೆ ಗೊತ್ತಿದ್ದಂತೆ ಒಬ್ಬಳೇ. ದ್ಯಾಮಣ್ಣನವರ ಬೆರಳು ಸುಮ್ಮನಿರುತ್ತದೆಯೇ? “ಫಕೀರವ್ವನೇ ಹೊರಗೆ ಬಿಟ್ಟಿದ್ದು. ಪಕ್ಕಾ ಸುದ್ದಿ.”

ಪಕ್ಕಾ ಹೇಗೆ? ಯಾರೂ ಕೇಳಲಿಲ್ಲ. ಕ್ಷೌರದಂಗಡಿಯಲ್ಲಿ ಎರಡು ಪಕ್ಷವಾದವು.

“ಭಲೇ ಹೆಣ್ಮಗಳು! ತನ್ನ ಕೆಲಸ ಕಸಿಯೋ ಯಂತ್ರದ ಮಾನ ಕಳದಳು ನೋಡು.”

“ಎಂಥಾ ಭಲೇ ಮಾರಾಯ? ಉಂಡ ಮನಿಗೆ ಎರಡು ಬಗದಾಳ.”

“ನೀ ಏನು ಆ ಯಂತ್ರಾ ತಗೊಳ್ಳಾಂವೇನು?”

“ನನ್ನ ಹೇಣ್ತಿ ಇರೂತನಕ ನನಗ್ಯಾಕ ಬೇಕು ಯಂತ್ರಾ?”

ನೋಡಿ, ಒಬ್ಬರು ಹೊಗಳಿದರು, ಒಬ್ಬರು ಬೈದರು. “ಹೌದೇನವ್ವಾ?” ಎಂದು ಆಕೆಯನ್ನು ಕೇಳಿದವರು ಎಷ್ಟು ಜನ? ಒಬ್ಬರೂ ಇಲ್ಲ. ಹೊಗಳಿದವರೂ ಕೇಳಲಿಲ್ಲ, ಬೈದವರೂ ಕೇಳಲಿಲ್ಲ. ಖಾನಾವಳಿಯ ಮಾಲೀಕ ಹೇಳಿಕಳಿಸಿದ: “ಕೇಸಿನಾಗ ನಮ್ಮ ಹೆಸರು ಬರೂದು ಬ್ಯಾಡ. ನಾಳೆಯಿಂದ ರೊಟ್ಟಿ ಬ್ಯಾಡ.” ಮೂವತ್ತು ವರ್ಷ ದಿನವೂ ಕಾದ ಹಂಚು ಮರುದಿನ ತಣ್ಣಗೆ ಕುಳಿತಿತ್ತು.

ಎಂಟು ದಿನಕ್ಕೆ ನಿಜ ಹೊರಬಿತ್ತು. ವಿಡಿಯೊ ಬಿಟ್ಟವರು ಯಾರು ಗೊತ್ತೇ? ಸ್ವತಃ ಶ್ರೀಮಂತ! ಬೀಗರ ಮನೆಯ ಸೀಮಂತದಲ್ಲಿ ಹೋಳಿಗೆ ಉಂಡು, “ನಿಮಗಷ್ಟೇ ತೋರಸ್ತೀನ್ರಿ” ಎಂದು ಬೀಗರ ಮೊಬೈಲಿಗೆ ಕಳಿಸಿದ್ದ. ಬೀಗರು ತಮ್ಮ ಬೀಗರಿಗಷ್ಟೇ ಕಳಿಸಿದರು. ಕಂಪನಿ ಕೇಸಿನ ಮಾತನ್ನು ಕೈಬಿಟ್ಟಿತು. ಆ ಸುದ್ದಿ ಪತ್ರಿಕೆಯಲ್ಲಿ ಬಂತು, ಒಂದು ಮೂಲೆಯಲ್ಲಿ, ಬೆರಳಗಲ.

ದ್ಯಾಮಣ್ಣನವರು ಕೆಟ್ಟವರಲ್ಲ. ಓದಿದರು, ನಾಚಿದರು, ಗುಂಪಿನಲ್ಲಿ ಬರೆದರು: “ಮೊನ್ನಿನ ಸುದ್ದಿ ತಪ್ಪಿತ್ತು. ಕ್ಷಮೆ ಇರಲಿ.” ಅದರ ಮೇಲೆ ಹದಿನೇಳು ಜನರ ಶುಭೋದಯದ ಹೂಗಳು ಬಂದು ಬಿದ್ದವು. ಇವರ ಎದೆಯೇನೋ ಹಗುರಾಯಿತು. ಎಂದಿನಂತೆ ನಾಲ್ಕು ರೊಟ್ಟಿ ತರಲು ಫಕೀರವ್ವನ ಮನೆಗೆ ಹೋದರು.

“ಹಂಚು ಇಟ್ಟಿಲ್ಲೇನ ತಂಗಿ?”

“ಯಾರಿಗಂತ ಇಡ್ಲಿ ಯಣ್ಣಾ? ಖಾನಾವಳಿಯವ್ರು ಇನ್ನೂ ಬ್ಯಾಡ ಅಂತಾರ.”

“ತಪ್ಪಾತಂತ ನಾ ಗುಂಪಿನಾಗ ಹಾಕೀನಲ್ಲವಾ!”

ಫಕೀರವ್ವ ನಕ್ಕಳು. “ಯಣ್ಣಾ, ಒಂದ್ಸಲ ಬಸ್ಸಿನಾಗ ಆಸ್ಪತ್ರಿ ಸ್ಟಾಪು ಬರೂಕಿಂತ ಮೊದಲ ‘ಆಸ್ಪತ್ರಿ’ ಅಂತ ಕೂಗಿದ್ದಿ, ನೆನಪೈತೇನು? ಮೂರು ಮಂದಿ ಇಳದ ಹೋದ್ರು. ನಾ ರೊಟ್ಟಿ ಬುಟ್ಟಿ ಹಿಡಕೊಂಡು ಅದ ಬಸ್ಸಿನಾಗ ಕುಂತಿದ್ದೆ.”

“ನೆನಪೈತಿ. ಸೀಟಿ ಹೊಡದು, ಬಸ್ ಹಿಂದಕ್ಕ ತರಿಸಿ, ಮೂವರನ್ನೂ ಹತ್ತಿಸಿಕೊಂಡೆ.”

“ಅವತ್ತು ಬಸ್ಸಿನಾಗ ನಿಂತ ‘ತಪ್ಪಾತು’ ಅಂದಿದ್ರ, ಇಳದ ಹೋದವ್ರಿಗೆ ಕೇಳಸ್ತಿತ್ತೇನು?”

ದ್ಯಾಮಣ್ಣನವರು ಬಂದ ದಾರಿಯಲ್ಲೇ ತಿರುಗಿದರು. ಮನೆಗೆ ಹೋದರು, ಟ್ರಂಕು ತೆಗೆದರು, ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡರು. ಕ್ಷೌರದಂಗಡಿಯ ಮುಂದೆ ಒಂದು ಸೀಟಿ! ಗಿರಣಿಯ ಮುಂದೆ ಒಂದು ಸೀಟಿ! ಮನೆ ಮನೆಯ ಬಾಗಿಲಲ್ಲಿ ಸೀಟಿ!

“ಏನ್ರೀ ಕಾಕಾ, ಓಣ್ಯಾಗ ಬಸ್ ಬಂತೇನು?”

“ನಿಮ್ಮನ್ನ ತಪ್ಪು ಸ್ಟಾಪಿನಾಗ ಇಳಿಸೀನಿ, ವಾಪಸ್ ಹತ್ರಿ! ಫಕೀರವ್ವಂದು ಏನೂ ತಪ್ಪಿಲ್ಲ. ಸುಳ್ಳು ಹೇಳಿದಾಂವ ನಾನು.”

ಜನ ನಕ್ಕರು. ನಗಲಿ! ನಗುತ್ತಲೇ ಕೇಳಿಸಿಕೊಂಡರಲ್ಲ. ಕೊನೆಯ ಸೀಟಿ ಖಾನಾವಳಿಯ ಗಲ್ಲಾಪೆಟ್ಟಿಗೆಯ ಎದುರು, ಊಟದ ಹೊತ್ತಿಗೆ, ಎಲ್ಲ ಗಿರಾಕಿಗಳ ನಡುವೆ. ಮಾಲೀಕ ಕಿವಿ ಮುಚ್ಚಿಕೊಂಡು ಹೇಳಿದ: “ಸಾಕ್ರಿ ಯಪ್ಪಾ! ನಾಳೆಯಿಂದ ಇನ್ನೂರು ರೊಟ್ಟಿ ಕಳಸಾಕ ಹೇಳ್ರಿ.”

ಈಗ ಈ ಮಠದ ಪ್ರವಚನಕ್ಕೆ ಬಂದು ಕುಳಿತ ನಿಮ್ಮ ಕಡೆಗೆ ಬರುತ್ತೇನೆ. ಯಾಕೆ, ಮೊಬೈಲು ಜೇಬಿಗಿಳಿಸಿದಿರಿ? ಕಂಪನಿಯ ಗುಟ್ಟು ಸೋರಿತು ಎಂದು ಊರೆಲ್ಲ ನ್ಯಾಯ ಹೇಳಿತು. ನಮ್ಮ ಬಾಯಿಂದ ದಿನಾ ಸೋರುವುದಕ್ಕೆ ನ್ಯಾಯ ಹೇಳುವವರು ಯಾರು? ಇಂದಿನಿಂದ ಇಷ್ಟು ಮಾಡಿ. ಒಬ್ಬರ ಹೆಸರು ಹಿಡಿದು ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಅವರನ್ನೇ ಕೇಳಿ. ಕೇಳಲಾಗದಿದ್ದರೆ ಕಳಿಸಬೇಡಿ. ಕಳಿಸಿಯೇಬಿಟ್ಟಿದ್ದರೆ ಕೂತಲ್ಲೇ ಕ್ಷಮೆ ಒತ್ತಬೇಡಿ, ಎದ್ದು ಹೋಗಿ. ಯಾರ ಕಿವಿಗೆ ಹಾಕಿದ್ದೀರೋ ಅವರ ಬಾಗಿಲಿಗೆ ಹೋಗಿ. ಇಳಿಸಿದ್ದು ನೀವು, ಹತ್ತಿಸಬೇಕಾದವರೂ ನೀವೇ!

ಯಾರದು, ಮುಂದಿನ ಸಾಲಿನಲ್ಲಿ ಎದ್ದವರು? ಹೇಳಿ ಅಜ್ಜಾರ.

“ಅಪ್ಪಾರ, ನಾನೂ ತಪ್ಪಾತು ಅನ್ನಾಕ ಹೋಗೂದು ಒಂದು ಮನಿ ಐತ್ರಿ. ಈಗ ಹ್ವಾದ್ರ ಪ್ರಸಾದ ಸಿಗತೈತಿಲ್ರಿ?”

“ನಿಮ್ಮ ಪಾಲು ತೆಗೆದಿಡಿಸುತ್ತೇನೆ. ನಿಶ್ಚಿಂತೆಯಿಂದ ಹೋಗಿ ಬನ್ನಿ.”

ಅಜ್ಜ ಕೈಮುಗಿದು, ಕೋಲೂರುತ್ತ ಹೊರಟರು. ಗೇಟಿನ ತನಕ ಹೋದವರು ಕಾಲು ನೋಡಿಕೊಂಡು ತಿರುಗಿ ಬಂದರು. ಅವಸರದಲ್ಲಿ ಮೆಟ್ಟಿದ್ದ ಬೇರೆಯವರ ಚಪ್ಪಲಿಯನ್ನು ಇದ್ದಲ್ಲೇ ಬಿಟ್ಟು, ತಮ್ಮದನ್ನು ಮೆಟ್ಟಿಕೊಂಡು ಹೋದರು.