ಮಿಂಚಕ್ಕನ ಗುಡಿಸು

ಕನ್ನಡಕದ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು, ಜೊತೆಗೆ ಅವರ ತಮ್ಮನ ಮಗಳು.

"ಅತ್ತೆ, ನಿಮ್ಮ ಮಿಂಚಕ್ಕ ಟೀವಿಗೆ ಬರ್ತಿದಾಳೆ. ಧಾರಾವಾಹಿ ನಾನೇ ಬರೀತಿರೋದು."

"ನಮ್ಮ ಕಾಮಿಕ್ಸ್ ಮಿಂಚಕ್ಕನಾ? ಈಗಲೂ ಹಾರ್ತಾಳಾ?"

"ಹಾರ್ತಾಳೆ. ಆಗ ಪುಸ್ತಕಕ್ಕೆಲ್ಲ ಅಕ್ಷರ ಬರೀತಿದ್ದೋರು ನೀವು. ಈಗ್ಲೂ ಹೆಸರನ್ನ ನೀವೇ ಬರ್ಕೊಡ್ಬೇಕು."

"ಗುಡಿಸು ಬಿಟ್ಟು ಮುಖಪುಟದ ಮೇಲೆ 'ಮಂಚಕ್ಕ' ಅಂತ ಬರೆದೋಳು ಕಣೇ ನಾನು. ಓದೋ ಮಕ್ಕಳೆಲ್ಲ, ಎದ್ದಳಾ, ಇನ್ನೂ ಮಲಗಿದಾಳಾ ಅಂತ ಕೇಳಿದ್ರು."

"ಅದಕ್ಕೇ ಅಲ್ವಾ ಅಪ್ಪ ಇವತ್ತೂ ನಿಮ್ಮನ್ನ ಮಂಚಕ್ಕ ಅನ್ನೋದು."

"ಅವನ ಬಾಯಿಗಿಷ್ಟು ಬೀಗ ಹಾಕ. ಬೇಡಮ್ಮ, ಕಂಪ್ಯೂಟರಲ್ಲಿ ಮಾಡಿಸು. ಈಗ ಕೈ ನಡುಗತ್ತೆ, ಗೆರೆ ಸೊಟ್ಟಗಾಗತ್ತೆ."

"ಮಿಂಚು ಯಾವತ್ತು ನೆಟ್ಟಗಿತ್ತು ಅತ್ತೆ?"

ಅತ್ತೆ ಭುಜ ಕುಲುಕುವಷ್ಟು ನಕ್ಕರು.

ಅಂಗಡಿಯವನು ಕರೆದು ಹೊಸ ಕನ್ನಡಕ ಕೊಟ್ಟ. ಅತ್ತೆ ಹಾಕಿಕೊಂಡು ತಮ್ಮನ ಮಗಳ ಮುಖ ನೋಡಿದರು.

"ದಪ್ಪ ಬ್ರಷ್ ತಾ. ಸಣ್ಣದು ನಡುಕ ಮುಚ್ಚಲ್ಲ."

"ಮುಚ್ಚೋದೇ ಬೇಡ ಅತ್ತೆ."

ಹೊರಡುವಾಗ ಬಾಗಿಲ ಧೂಳು ಕೂತ ಗಾಜಿನ ಮೇಲೆ ಅತ್ತೆ ಬೆರಳಿನಿಂದ ಏನೋ ಬರೆದರು. ನಾನು ಕೂತಲ್ಲಿಂದಲೇ ನೋಡಿದೆ. ಮೊದಲು ಗುಡಿಸು ಎಳೆದು, ಆಮೇಲೆ ಅದರಡಿಗೆ 'ಮ' ಅಕ್ಷರ ಸೇರಿಸಿದರು.