ಮೇಲ್ವಿಚಾರಕರನ್ನು ತಳ್ಳಿದ ಬಗ್ಗೆ

ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕಯ್ಯ ಎಂದು ಕರೆಯುವ ನಾನು, ವಯಸ್ಸು 46 ವರ್ಷ, ವೃತ್ತಿ ರಬ್ಬರ್ ಹಾಳೆ ಕಾರ್ಖಾನೆಯಲ್ಲಿ ರೋಲರ್ ಯಂತ್ರದ ಕೆಲಸ, ವಾಸ ಕಾರ್ಖಾನೆ ಹಿಂಬದಿಯ ವಸತಿ ಸಾಲಿನ 14ನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಕೆಲಸದಲ್ಲಿ 21 ವರ್ಷಗಳಿಂದ ಇದ್ದೇನೆ. ಕಳೆದ ತಿಂಗಳು ನಮಗೆ ಆರು ದಿನ ತರಬೇತಿ ನಡೆಯಿತು. ತರಬೇತಿಯ ಮೇಡಂ ಹತ್ತಿ ತುಂಬಿದ ಕೈಗವಸನ್ನು ರೋಲರ್ ನಡುವೆ ಸಿಕ್ಕಿಸಿ, ಅದನ್ನು ಬಿಡಿಸುವುದನ್ನು ಒಬ್ಬೊಬ್ಬರಿಂದಲೂ ಹನ್ನೊಂದು ಸಲ ಮಾಡಿಸಿದರು. ಸಿಕ್ಕಿದ ಕೈಯನ್ನು ಎಳೆದರೆ ಚರ್ಮ ಮಾತ್ರ ಆಚೆ ಬರುತ್ತದೆ ಎಂದು ಹೇಳಿದರು. ಮೇಲ್ವಿಚಾರಕರು ತಮಗೆ ಅದು ಬೇಡವೆಂದು ಹೊರಗೇ ಇದ್ದರು.

ಇಂದು ಬೆಳಿಗ್ಗೆ 10.40ಕ್ಕೆ ನನ್ನ ಎದುರು ನಿಂತಿದ್ದ ಸಹೋದ್ಯೋಗಿಯ ಬಲಗೈ ಗವಸು ರೋಲರ್‌ಗೆ ಸಿಕ್ಕಿತು. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು, ಎತ್ತರದ ದೆಸೆಯಿಂದ ಎಲ್ಲರಿಗೂ ಉದ್ದಣ್ಣ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನಾನು ಯೋಚಿಸುವ ಮೊದಲೇ ನನ್ನ ಕೈ ಕೆಂಪು ಗುಂಡಿಯನ್ನು ಒತ್ತಿಯಾಗಿತ್ತು. ಯಂತ್ರ ನಿಂತಿತು. ಅಷ್ಟರಲ್ಲಿ ನಾಲ್ಕು ಬೆರಳು ಎರಡನೇ ಗಿಣ್ಣಿನವರೆಗೆ ಒಳಗೆ ಹೋಗಿದ್ದವು.

ಮೇಲ್ವಿಚಾರಕರು ಓಡಿಬಂದು ಅವನ ಭುಜ ಹಿಡಿದು ಎಳೆಯತೊಡಗಿದರು. "ಎಳೀಬೇಡಿ ಸಾರ್, ಬಿಡಿ!" ಎಂದು ಎರಡು ಸಲ ಕೂಗಿದೆ. ಅವರು ಬಿಡಲಿಲ್ಲ. ಆಗ ಎರಡೂ ಕೈಯಿಂದ ತಳ್ಳಿದೆ. ಅವರು ಬಿದ್ದು, ತಳ್ಳುಗಾಡಿಯ ಅಂಚು ತಗುಲಿ ಹಣೆಯಲ್ಲಿ ಸುಮಾರು ಒಂದು ಇಂಚು ಗಾಯವಾಯಿತು. ಅವರ ದೂರಿನಲ್ಲಿ ನಾನು ತಳ್ಳಿದೆನೆಂದು ಇರುವುದು ನಿಜ.

ತೂಕ ನೋಡುವ ಹೆಂಗಸಿಗೆ ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲಲು ಹೇಳಿದೆ. ಯಾರು ಹೇಳಿದರೂ ಜರುಗಬಾರದೆಂದೂ ಹೇಳಿದೆ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಅಪ್ಪಣೆ ಕೊಟ್ಟವಳಲ್ಲ. ಯಂತ್ರ ದುರಸ್ತಿ ಮಾಡುವ ಫಿಟ್ಟರ್ ರೋಲರ್‌ಗಳ ನಡುವಿನ ಸಂದು ಅಗಲಿಸುವ ಚಕ್ರ ತಿರುಗಿಸಿದರು. ನಾನು ಉದ್ದಣ್ಣನ ಮಣಿಕಟ್ಟು ಅಲ್ಲಾಡದಂತೆ ಹಿಡಿದು ಸುತ್ತುಗಳನ್ನು ಜೋರಾಗಿ ಎಣಿಸಿದೆ. ಐದನೇ ಸುತ್ತಿಗೆ ಫಿಟ್ಟರ್ ತಿರುಗಿಸುವುದನ್ನು ನಿಧಾನ ಮಾಡಿದರು. ತರಬೇತಿಯಲ್ಲಿ ಕಲಿತ ಕೈ ಅದು, ನಿಲ್ಲಿಸಬೇಡಿ ಎಂದೆ. ಏಳನೇ ಸುತ್ತಿಗೆ ಕೈ ಸಡಿಲವಾಯಿತು. ಸಮಯ 10.44.

ಉದ್ದಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದ: "ಅಕ್ಕಯ್ಯ, ಬಂತಾ?"

"ಬಂತು ಕಣೋ, ನಾಲ್ಕಕ್ಕೆ ನಾಲ್ಕೂ ಬಂತು!" ಎಂದೆ. ಅಲ್ಲಿದ್ದವರೆಲ್ಲ ಒಮ್ಮೆಲೇ ಕೂಗಿದರು. ಫಿಟ್ಟರ್ ನನ್ನನ್ನು ಎತ್ತಿಯೇಬಿಟ್ಟರು. ನಾನು 74 ಕಿಲೋ ಇದ್ದೇನೆ.

ಆಸ್ಪತ್ರೆ 3 ಕಿಲೋಮೀಟರ್ ದೂರ. ಎರಡು ಮೂಳೆ ಬಿರುಕು ಬಿಟ್ಟಿದೆ, ಆದರೆ ಯಾವ ಬೆರಳನ್ನೂ ತೆಗೆಯಬೇಕಾಗಿಲ್ಲ ಎಂದು ವೈದ್ಯರು 12.15ಕ್ಕೆ ತಿಳಿಸಿದರು. ಎಳೆದಿದ್ದರೆ ಏನಾಗುತ್ತಿತ್ತು ಎಂದು ಉದ್ದಣ್ಣನ ಹೆಂಡತಿ ಕೇಳಿದರು. ವೈದ್ಯರು ನನ್ನ ಕಡೆ ಕೈ ತೋರಿಸಿ, ಇವರನ್ನೇ ಕೇಳಿ ಎಂದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಕ್ಕೆ. ಅತ್ತೂ ಬಿಟ್ಟೆ.

ನಾನು ಅವಸರವಾಗಿ ಮಾತಾಡುತ್ತಿದ್ದೇನೆಂದು ಈ ಹೇಳಿಕೆ ಬರೆದುಕೊಳ್ಳುವ ಪೊಲೀಸರು ಮೂರು ಸಲ ತಡೆದಿದ್ದಾರೆ.

ಮೇಲ್ವಿಚಾರಕರ ಹಣೆಗೆ ಪೆಟ್ಟಾದದ್ದಕ್ಕೆ ವಿಷಾದವಿದೆ. ತಳ್ಳಿದ್ದಕ್ಕೆ ಇಲ್ಲ. ನಾಳೆ ಹೀಗೇ ಆದರೆ ನಾಳೆಯೂ ತಳ್ಳುತ್ತೇನೆ. ಈ ವಾಕ್ಯ ಬೇಕೇ ಎಂದು ಬರೆದುಕೊಳ್ಳುವವರು ಕೇಳಿದರು. ಬೇಕು ಎಂದೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12ನೇ ತಾರೀಕು, ಸಂಜೆ 4.20
(ಸಹಿ) ಅಕ್ಕಯ್ಯ